ಕುಡಿತವೂ ಕಳವಳವೂ

ಶ್ರಾವಣ ಬಂತೆಂದರೆ ನಮ್ಮವರಲ್ಲಿ ಅನೇಕರು ಕುಡಿತ ಬಿಡುವ ಆಣೆ ಮಾಡುತ್ತಾರೆ. ಆಣೆ ಒಳ್ಳೆಯದೇ. ಆದರೆ ನಮ್ಮ ವಾಚನಾಲಯಕ್ಕೆ ಬರುವ ಗೆಳೆಯರೊಬ್ಬರು ಹಾಗೆ ಒಮ್ಮೆಲೇ ಬಿಟ್ಟ ಎರಡನೆಯ ದಿನ ತಮ್ಮ ಖೋಲಿಯಲ್ಲಿ ಫಿಟ್ಸ್ ಬಂದು ಬಿದ್ದರು. ಜೊತೆಯವರು ಕೈಗೆ ಕಬ್ಬಿಣ ಕೊಟ್ಟರು, ದೇವರ ಕೋಪವೆಂದರು. ಕೊನೆಗೆ ಯಾರೋ ಆಸ್ಪತ್ರೆಗೆ ಒಯ್ದುದರಿಂದ ಬದುಕಿದರು. ಈ ವಿಷಯವನ್ನು ಮನೋವೈದ್ಯಶಾಸ್ತ್ರ ಹೇಗೆ ನೋಡುತ್ತದೆಂಬುದನ್ನು ನಮ್ಮ ಸದಸ್ಯರು ತಿಳಿದಿರಬೇಕೆಂದು ನಮಗೆ ಅಂದೇ ಅನಿಸಿತು.

ಆ ಗೆಳೆಯರು ಮೋಜಿಗಾಗಿ ಕುಡಿಯತೊಡಗಿದವರಲ್ಲ. ಊರಿನ ಸಾಲ, ಮಾಲಕರ ಗದರಿಕೆ, ನಿದ್ರೆಯಿಲ್ಲದ ರಾತ್ರಿಗಳು. ಎದೆ ಡವಗುಟ್ಟುತ್ತಿತ್ತು, ಅಂಗೈ ಬೆವರುತ್ತಿತ್ತು. ಒಂದು ಗ್ಲಾಸಿನಿಂದ ಅದು ಅಡಗಿತು. ಇದಕ್ಕೆ ಕಾರಣವುಂಟು. ನಮ್ಮ ಮಿದುಳಿನಲ್ಲಿ ಗಾಬಾ ಎಂಬ ದ್ರವ್ಯವು ಲಗಾಮಿನಂತೆಯೂ ಗ್ಲುಟಮೇಟ್ ಎಂಬುದು ಚಾಟಿಯಂತೆಯೂ ಕೆಲಸಮಾಡುತ್ತವೆ. ಮದ್ಯವು ಲಗಾಮನ್ನು ಬಿಗಿದು ಚಾಟಿಯನ್ನು ತಡೆಯುತ್ತದೆ. ದಿನವೂ ಹೀಗಾದರೆ ಮಿದುಳು ಸಮತೋಲಕ್ಕಾಗಿ ತನ್ನ ಲಗಾಮನ್ನು ತಾನೇ ಸಡಿಲಿಸಿ, ಚಾಟಿಯನ್ನು ಬಲಪಡಿಸಿಕೊಳ್ಳುತ್ತದೆ. ಬೆಳಗ್ಗೆ ಮದ್ಯ ಇಳಿದಾಗ ಕುದುರೆಗೆ ಹಿಡಿತವೇ ಇರುವುದಿಲ್ಲ. ಕೈ ನಡುಗುತ್ತದೆ, ಮೊದಲಿಗಿಂತ ಹೆಚ್ಚು ಕಳವಳವಾಗುತ್ತದೆ. ಅದನ್ನು ಅಡಗಿಸಲು ಮತ್ತೆ ಕುಡಿತ. ಕಳವಳಕ್ಕೆ ಮದ್ದೆಂದು ತಂದದ್ದೇ ಕಳವಳವನ್ನು ಬೆಳೆಸುತ್ತದೆ.

ಚಟವು ರೋಗವಾಯಿತೆಂದು ತಿಳಿಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಆರು ಲಕ್ಷಣಗಳಿವೆ.

1. ತಡೆಯಲಾಗದ ಹಂಬಲ.
2. ಒಂದಕ್ಕೇ ನಿಲ್ಲಿಸಲಾಗದಿರುವುದು.
3. ಬಿಟ್ಟರೆ ನಡುಕ, ಬೆವರು, ನಿದ್ರಾಭಂಗ.
4. ಮೊದಲಿನ ಅಳತೆ ಸಾಲದಾಗುವುದು.
5. ಬೇರೆ ಆಸಕ್ತಿಗಳೆಲ್ಲ ಹಿಂದೆ ಬೀಳುವುದು.
6. ಕೇಡು ಕಣ್ಣಿಗೆ ಕಂಡರೂ ಮುಂದುವರಿಸುವುದು.

ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ರೋಗ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನು ಮನೋರೋಗಗಳಲ್ಲಿಯೇ ಸೇರಿಸಿದೆ. ಆದುದರಿಂದ ಇಂಥವರನ್ನು ಹೇಡಿಯೆಂದು ಹಳಿಯುವುದರಿಂದ ಫಲವಿಲ್ಲ.

ಮುಖ್ಯವಾಗಿ ತಿಳಿಯತಕ್ಕದ್ದು ಇದು. ಬಹುಕಾಲ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಜ್ವರ, ಭ್ರಮೆ, ಇಲ್ಲದ್ದು ಕಾಣುವುದು ಇವು ತೋರಿದರೆ ಪ್ರಾಣಕ್ಕೇ ಅಪಾಯ. ಫಿಟ್ಸ್ ಬಂದವರನ್ನು ಮಗ್ಗುಲಿಗೆ ತಿರುಗಿಸಬೇಕು, ಬಾಯಲ್ಲಿ ಏನನ್ನೂ ಇಡಬಾರದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಕೆಲವು ದಿನ ನರಗಳನ್ನು ಶಮನಗೊಳಿಸುವ ಮಾತ್ರೆಗಳನ್ನೂ ಬಿ1 ಜೀವಸತ್ವವನ್ನೂ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಆದರೆ ಅದೇ ಮಾತ್ರೆಗಳನ್ನು ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗುತ್ತಿದ್ದರೆ ಅವೂ ಚಟವಾಗುತ್ತವೆ.

ಕುಡಿಯದವರಿಗೂ ಕಳವಳದ ರೋಗ ಬರುವುದುಂಟು. ಲೋಕಲ್ ರೈಲಿನಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಎದೆ ಹಿಡಿದು, ಈಗಲೇ ಸಾಯುತ್ತೇನೆಂಬ ಭಯ ಹತ್ತು ನಿಮಿಷಗಳಲ್ಲಿ ತುದಿಗೇರಿ ಆಮೇಲೆ ಇಳಿಯುತ್ತದೆ. ಮೊದಲು ಹೃದಯವನ್ನು ಪರೀಕ್ಷಿಸಿಕೊಳ್ಳಲೇಬೇಕು. ಅದರಲ್ಲಿ ದೋಷವಿಲ್ಲವೆಂದಾದರೆ ಮನೋವೈದ್ಯರನ್ನು ಕಾಣಬೇಕು. ರೈಲನ್ನೇ ಬಿಟ್ಟರೆ ಭಯ ಬೇರೂರುತ್ತದೆ. ಮೊದಲು ಒಂದು ಸ್ಟೇಷನ್, ಆಮೇಲೆ ಎರಡು ಎಂದು ಮೆಲ್ಲಮೆಲ್ಲನೆ ಎದುರಿಸುವ ಅಭ್ಯಾಸವೇ ಚಿಕಿತ್ಸೆಯ ಒಂದು ಭಾಗ. ಔಷಧಿಯ ಗುಣ ಕಾಣಲು ಕೆಲವು ವಾರಗಳು ಬೇಕು. ನಾಲ್ಕೇ ದಿನಕ್ಕೆ ಬೇಸತ್ತು ಬಿಡಬಾರದು.

ಪರಭಾಷೆಯಲ್ಲಿ ಹೊಟ್ಟೆನೋವು ಹೇಳಬಹುದು, ಮನಸ್ಸಿನ ನೋವು ಹೇಳುವುದು ಕಷ್ಟ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡಬಹುದು. ಊರಿಗೆ ಹೋಗುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಪುಣೆಯಲ್ಲಿರುವವರಿಗೆ 1986ರಲ್ಲಿ ಸ್ಥಾಪಿತವಾದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ.

ಮೇಲೆ ಹೇಳಿದ ಗೆಳೆಯರು ನಡುವೆ ಒಮ್ಮೆ ಜಾರಿ, ಮತ್ತೆ ಚಿಕಿತ್ಸೆಗೆ ಹೋದರು. ಜಾರಿದ್ದು ಸೋಲಲ್ಲ, ರೋಗದ ಸ್ವಭಾವ. ಈಗ ಸಂಜೆ ನಮ್ಮಲ್ಲಿಗೆ ಬಂದು ಪತ್ರಿಕೆ ಓದುತ್ತಾರೆ. ಬರುವ ಶ್ರಾವಣದಲ್ಲಿ ಆಣೆ ಮಾಡಬೇಕೆಂದಿರುವ ಬಂಧುಗಳು ಮೊದಲು ವೈದ್ಯರನ್ನು ಕಂಡು, ಆಮೇಲೆ ದೇವರ ಮುಂದೆ ನಿಲ್ಲಲಿ ಎಂದು ನಮ್ಮ ಕೋರಿಕೆ.