ಮೊಳೆಯಲ್ಲಿ ನೇತಾಡುತ್ತಿದ್ದ ಬೆಲ್ಟು

ಅಣ್ಣ ಅಡಿಕೆ ಮರದಿಂದ ಬಿದ್ದ ದಿನ ಮರ ಹತ್ತುವಾಗ ಅವರು ಕಟ್ಟಿಕೊಳ್ಳಬೇಕಿದ್ದ ಬೆಲ್ಟು ಪಂಪ್ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಮಂಗಳೂರಿನಿಂದ ತಂದವಳು ನಾನೇ. ತಂದುಕೊಟ್ಟೆನಲ್ಲ, ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡವಳೂ ನಾನೇ.

ಅಣ್ಣ ಎಂದರೆ ನನ್ನ ಒಡಹುಟ್ಟಿದವರಲ್ಲ. ಅಪ್ಪನ ಕಾಲದಿಂದ ನಮ್ಮ ತೋಟಕ್ಕೆ ಮದ್ದು ಬಿಡಲು ಬರುತ್ತಿದ್ದವರು. ಕಾಲಿಗೆ ತಳೆ ಹಾಕಿ ಮರ ಹತ್ತಿದರೆಂದರೆ ಇಳಿಯುವುದು ಊಟದ ಹೊತ್ತಿಗೇ. ಕೊಕ್ಕೆಯಲ್ಲಿ ಪಕ್ಕದ ಮರವನ್ನು ಬಾಗಿಸಿ ಎಳೆದುಕೊಂಡು ಮೇಲಿಂದ ಮೇಲೆಯೇ ದಾಟಿಬಿಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅದನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಆ ಕೈಚಳಕದ ಮೇಲಿನ ಗೌರವ ಈಗಲೂ ಕಡಿಮೆಯಾಗಿಲ್ಲ. ಆದರೆ ಅದನ್ನೇ ರಕ್ಷಣೆ ಎಂದು ನಂಬಿದ್ದು ನನ್ನ ತಪ್ಪು.

ಪುತ್ತೂರಿನ ಕಡೆಯ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಆಟಿ ತಿಂಗಳಲ್ಲಿ ಅಡಿಕೆ ಮರಕ್ಕೆ ಪಾಚಿ ಹಿಡಿದು ಮೈಯೆಲ್ಲ ಸೋಪು ಹಚ್ಚಿದ ಹಾಗಿರುತ್ತದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ಮದ್ದು ಬಿಟ್ಟರೆ 40–45 ದಿನಕ್ಕೆ ಇನ್ನೊಂದು ಸಲ ಬಿಡಬೇಕು. ಆ ಎರಡನೆಯದು ನಡು ಮಳೆಗಾಲಕ್ಕೇ ಬರುತ್ತದೆ. ಮಳೆ ಬಿಟ್ಟು ನಾಲ್ಕು ಗಂಟೆ ಹೊಳವಾದರೆ ಸಾಕು, ಊರಿನ ಎಲ್ಲ ತೋಟದವರೂ ಮದ್ದಿನವರನ್ನು ಹುಡುಕಿ ಓಡುತ್ತಾರೆ.

ಅವತ್ತೂ ಹಾಗೇ ಒಂದು ಹೊಳವು. ದೊಡ್ಡ ಮರದಿಂದ, ನಡುವೆ ಎಡೆಸಸಿಯಾಗಿ ನೆಟ್ಟ ಎಳೆಯ ಮರಕ್ಕೆ ದಾಟುತ್ತಿದ್ದರು. ಎತ್ತರ ಸುಮಾರು 25 ಅಡಿ. ಒಂದು ಕೈಯಲ್ಲಿ ಮದ್ದಿನ ಪೈಪು. ನಾನು ಬ್ಯಾರಲಿನ ಹತ್ತಿರ ಮದ್ದಿಗೆ ಬೆರೆಸುವ ಸುಣ್ಣ ಸೋಸುತ್ತಿದ್ದೆ. ಕೂಗು ಕೇಳಲಿಲ್ಲ, ಕಣಿಯ ಅಂಚಿಗೆ ಬಿದ್ದ ಸದ್ದು ಮಾತ್ರ ಕೇಳಿತು. ಪಿಯುಸಿ ಓದುತ್ತಿದ್ದ ನನ್ನ ಮಗಳು ಆಮೇಲೆ ಲೆಕ್ಕ ಹಾಕಿ ಹೇಳಿದಳು: 25 ಅಡಿ ಬೀಳಲು ಒಂದೂಕಾಲು ಸೆಕೆಂಡು, ನೆಲ ಮುಟ್ಟುವಾಗಿನ ವೇಗ ಗಂಟೆಗೆ 44 ಕಿಲೋಮೀಟರು.

ಮುಂದೆ ನಾವು ಮಾಡಿದ್ದನ್ನು ಹೇಳಲೇಬೇಕು. ಗಾಬರಿಯಲ್ಲಿ ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಅವರನ್ನು ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಬೆನ್ನುಮೂಳೆಗೆ ಪೆಟ್ಟಾದವರನ್ನು ಹಾಗೆ ಎತ್ತಲೇಬಾರದು. ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿರುವಂತೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು. ಶೆಡ್ಡಿನಲ್ಲಿ ಹಲಗೆ ಇತ್ತು. ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಅಣ್ಣ ಬದುಕಿದರು. ಈಗ ಗೋಡೆ ಹಿಡಿದುಕೊಂಡು ನಡೆಯುತ್ತಾರೆ.

ಆಸ್ಪತ್ರೆಯಿಂದ ಬಂದ ಮರುದಿನ ಶೆಡ್ಡಿಗೆ ಹೋಗಿ ಬೆಲ್ಟನ್ನು ಇಳಿಸಿದೆ. ಬರೀ ಸೊಂಟಕ್ಕೆ ಕಟ್ಟುವ ಬೆಲ್ಟು ಅದು. ಪಟ್ಟಿಯ ಮೇಲೆ ಹಳೆಯ ಮದ್ದು ಒಣಗಿ ನೀಲಿಗಟ್ಟಿತ್ತು, ಬಾಗಿಸಿದರೆ ಗರಗರ ಅನ್ನುತ್ತಿತ್ತು. ಕಬ್ಬಿಣದ ರಿಂಗು ಕೂರುವ ಜಾಗದಲ್ಲಿ ಮೂರು ಸಾಲು ಹೊಲಿಗೆ ಇರಬೇಕಾದಲ್ಲಿ ಒಂದೇ ಸಾಲು ಉಳಿದಿತ್ತು. ಮಿಕ್ಕದ್ದನ್ನು ಇಲಿ ಕಡಿದಿತ್ತು. ಹೆಬ್ಬೆರಳಲ್ಲಿ ಒತ್ತಿದೆ, ನೂಲು ಪುಡಿಯಾಗಿ ಉದುರಿತು. ಅಣ್ಣ ಅದನ್ನು ಕಟ್ಟಿಕೊಂಡಿದ್ದರೂ ಅದು ಅವರನ್ನು ಹಿಡಿಯುತ್ತಿರಲಿಲ್ಲ. ತಂದ ಮೇಲೆ ಒಂದು ದಿನವೂ ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಯಾಕೆ ಹಾಕಿಕೊಳ್ಳುತ್ತಿರಲಿಲ್ಲ ಎಂದು ಅವರು ಸ್ವಲ್ಪ ಚೇತರಿಸಿಕೊಂಡ ಮೇಲೆ ಕೇಳಿದೆ. ನೆಟ್ಟಗೆ ಹೇಳಿದರು: "ಅಕ್ಕಾ, ಅದನ್ನು ಬಿಚ್ಚಿ ಕಟ್ಟಿ ಮಾಡುತ್ತಾ ಕೂತರೆ ದಿನಕ್ಕೆ ಎಷ್ಟು ಬ್ಯಾರಲ್ ಆದೀತು?" ನಾನು ಸಂಬಳ ಕೊಡುತ್ತಿದ್ದುದು ಬ್ಯಾರಲಿನ ಲೆಕ್ಕದಲ್ಲಿ. ಬೆಲ್ಟು ಕಟ್ಟಿದರೆ ಅವರ ಕೂಲಿ ಕಡಿಮೆಯಾಗುವ ಏರ್ಪಾಡನ್ನು ನಾನೇ ಮಾಡಿಟ್ಟು, ಬೆಲ್ಟು ಕಟ್ಟಿಕೊಳ್ಳಿ ಎಂದು ಬಾಯಲ್ಲಿ ಹೇಳುತ್ತಿದ್ದೆ. ಈ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮರುವರ್ಷದಿಂದ ಬ್ಯಾರಲ್ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬಂದೆ. ಹತ್ತುವ ಮರಗಳ ಸಂಖ್ಯೆ ಕಡಿಮೆಯಾಯಿತು, ಖರ್ಚು ಹೆಚ್ಚಾಯಿತು. ಆಗಲಿ. ಬೆಲ್ಟಿನ ನಿಜವಾದ ಬೆಲೆ ಅಂಗಡಿಯವನು ಬರೆದ ಬಿಲ್ಲಿನಲ್ಲಿ ಇರಲೇ ಇಲ್ಲ.

ಹೊಸದಾಗಿ ತರುವಾಗ ವಿಚಾರಿಸಿಕೊಂಡೇ ತಂದೆ. ಸೊಂಟದ ಬೆಲ್ಟು ಬಿದ್ದವರನ್ನು ಹಿಡಿದರೂ ಆ ಜಗ್ಗು ಪೂರ್ತಿ ಹೊಟ್ಟೆ, ಬೆನ್ನಿನ ಮೇಲೆ ಬರುತ್ತದೆ. ಹೆಗಲು, ಎದೆ, ತೊಡೆಗಳನ್ನು ಸುತ್ತುವ ಹಾರ್ನೆಸ್‌ನಲ್ಲಿ ಅದು ಹಂಚಿಹೋಗುತ್ತದೆ. ಐಎಸ್ 3521 ಎಂಬ ಗುರುತು ನೋಡಿ ಕೊಂಡೆ. ಆದರೆ ಕಟ್ಟಡದ ಕೆಲಸದವರ ಉದ್ದದ ಹಗ್ಗವನ್ನು ಹಾಗೆಯೇ ತೋಟಕ್ಕೆ ತಂದರೆ ನಡೆಯುವುದಿಲ್ಲ. ಆ ಹಗ್ಗ, ಜಗ್ಗು ತಗ್ಗಿಸಲೆಂದು ಅದರ ತುದಿಯಲ್ಲಿ ಹರಿದು ಬಿಚ್ಚಿಕೊಳ್ಳುವ ಮಡಿಕೆ, ಮನುಷ್ಯನ ಉದ್ದ ಎಲ್ಲ ಸೇರಿದರೆ ಬಿದ್ದವನು ನಿಲ್ಲುವಷ್ಟರಲ್ಲಿ ಐದಾರು ಮೀಟರು ಕೆಳಗೆ ಬಂದಿರುತ್ತಾನೆ. ಎಳೆಯ ಮರದಲ್ಲಿ ಅಷ್ಟು ಹೊತ್ತಿಗೆ ನೆಲವೇ ಸಿಕ್ಕಿರುತ್ತದೆ. ನಮಗೆ ಬೇಕಾದದ್ದು ಬೀಳಲಿಕ್ಕೇ ಬಿಡದ ಗಿಡ್ಡ ಹಗ್ಗ, ಅದೂ ಎದೆಗಿಂತ ಮೇಲೆ, ಸಡಿಲವಿಲ್ಲದೆ. ಸುಮ್ಮನೆ ಬಳಸಿ ಹಾಕಿದರೆ ಕೊಂಬೆಯಿಲ್ಲದ ಮರದಲ್ಲಿ ಹಗ್ಗ ಮನುಷ್ಯನ ಜೊತೆಗೇ ಜಾರುತ್ತದೆ. ಭಾರ ಬಿದ್ದಷ್ಟೂ ಬಿಗಿಯುವ ಉರುಳಿನ ಹಾಗೆ ಹಾಕಬೇಕು. ಇಂಥವು ಎರಡು ಬೇಕು, ಯಾಕೆಂದರೆ ಮರ ದಾಟುವಾಗಲೇ ಹಗ್ಗ ಬಿಚ್ಚುವುದು, ಅಣ್ಣ ಬಿದ್ದದ್ದೂ ದಾಟುವಾಗಲೇ. ಎರಡನೆಯದು ಹೊಸ ಮರದಲ್ಲಿ ಬಿಗಿಯುವ ತನಕ ಮೊದಲನೆಯದನ್ನು ಮುಟ್ಟಬಾರದು.

ಇಷ್ಟೆಲ್ಲ ಇದ್ದರೂ ಬೆಲ್ಟು ನಂಬುವುದು ಮರವನ್ನು. ಬುಡ ಕೊಳೆತ ಮರ, ಬಿಸಿಲು ತಾಗಿ ಕಾಂಡ ಸೀಳಿದ ಮರ ಮುರಿದರೆ ಬೆಲ್ಟು ಮನುಷ್ಯನನ್ನು ಮರದ ಜೊತೆಗೇ ಕೆಳಗೆ ತರುತ್ತದೆ. ಬೇಸಿಗೆಯಲ್ಲಿ ತೋಟವಿಡೀ ಸುತ್ತಿ ಅಂಥ ಮರಕ್ಕೆ ಕೆಂಪು ಪೇಂಟು ಬಳಿಯುತ್ತೇನೆ. ಅವಕ್ಕೆ ಕೆಳಗಿನಿಂದ ಕಾರ್ಬನ್ ಫೈಬರ್ ದೋಟಿಯಲ್ಲೇ ಮದ್ದು. ಈಗ ತೋಟದ ಅರ್ಧಕ್ಕಿಂತ ಹೆಚ್ಚು ಕೆಲಸ ಆ ದೋಟಿಯದೇ. ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಮರ ಏರುವ ಬೈಕು 2019ರಲ್ಲಿ ಸುದ್ದಿಯಾದಾಗ ಜನ ಬೆರಗಿನಿಂದ ನೋಡಿದರು. ನನಗೆ ಮಾತ್ರ ಮರ ಹತ್ತುವವರ ಜೀವದ ಬಗ್ಗೆ ಯೋಚಿಸಿದವರೊಬ್ಬರು ಇದ್ದಾರೆ ಎಂದು ಕಣ್ಣು ತುಂಬಿಬಂತು. ದೋಟಿ ಹಿಡಿದವರಿಗೂ ಒಂದು ಮಾತು: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ವಿದ್ಯುತ್ ತಂತಿಯ ಹತ್ತಿರ ಅದನ್ನು ಎತ್ತಲೇಬೇಡಿ.

ಈಗ ಮರ ಹತ್ತುವುದು ಅಣ್ಣನ ಮಗ. ಒಬ್ಬನೇ ಹತ್ತುವ ಹಾಗಿಲ್ಲ, ಮರ ಹತ್ತಬಲ್ಲ ಇನ್ನೊಬ್ಬ ಹಗ್ಗದ ಸಮೇತ ಕೆಳಗೆ ಇರಲೇಬೇಕು. ಬೆಲ್ಟು ಹಿಡಿದುಕೊಂಡಿತು ಎಂದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಅಲುಗಾಡದೆ ನೇತಾಡುವವನ ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಿನಲ್ಲೇ ನಿಂತು ಸ್ವಲ್ಪ ಹೊತ್ತಿಗೆಲ್ಲ ಎಚ್ಚರ ತಪ್ಪಬಹುದು. ಬೇಗ ಇಳಿಸಬೇಕು. ಹೋದ ವರ್ಷ ಮದ್ದಿಗೆ ಮೊದಲು ಹುಡುಗನನ್ನು ನಾಲ್ಕಡಿ ಎತ್ತರದಲ್ಲಿ ಬೇಕೆಂದೇ ನೇತಾಡಿಸಿ, ಇಳಿಸುವುದನ್ನು ಅಭ್ಯಾಸ ಮಾಡಿದೆವು. ಮೊದಲ ಸಲ ಗಂಟು ಬಿಡಿಸಲಾಗದೆ ಒದ್ದಾಡಿದೆವು. ಮೂರನೆಯ ಸಲಕ್ಕೆ ಸರಿಯಾಯಿತು. ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದ ಅಣ್ಣ, "ಇನ್ನೊಮ್ಮೆ ಮಾಡಿ, ಈ ಸಲ ಹಲಗೆಯನ್ನೂ ತನ್ನಿ" ಎಂದರು.