ಹಳಿಗಳ ಅಂತರ

ಎತ್ತಿನ ಬಂಡಿಗೆ ದಾರಿಯ ಅಳತೆಯ ಹಂಗಿಲ್ಲ. ಹೊಲದ ಓಣಿಯಲ್ಲಾಗಲಿ, ಊರಿನ ಬೀದಿಯಲ್ಲಾಗಲಿ, ಹೆದ್ದಾರಿಯಲ್ಲಾಗಲಿ ಅದು ಸಾಗಬಲ್ಲದು. ರೈಲುಗಾಡಿಯ ಸ್ಥಿತಿ ಹಾಗಲ್ಲ. ಅದರ ಬಲವೂ ಬಂಧನವೂ ಹಳಿಗಳಲ್ಲಿಯೇ ಇವೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಉಂಟಾಗುವ ತಡೆ ಬಹಳ ಕಡಿಮೆ. ಆದುದರಿಂದಲೇ ಒಂದು ಎಂಜಿನ್ ಸಾವಿರಾರು ಟನ್ ಭಾರವನ್ನು ಎಳೆದೊಯ್ಯಬಲ್ಲದು. ಆದರೆ ಆ ಹಳಿಗಳನ್ನು ಬಿಟ್ಟು ಒಂದು ಗೇಣು ಅತ್ತಿತ್ತ ಸರಿಯುವ ಸ್ವಾತಂತ್ರ್ಯ ಅದಕ್ಕಿಲ್ಲ.

ಸಾಮಾನ್ಯವಾಗಿ ರೈಲಿನ ಎರಡು ಗಾಲಿಗಳನ್ನು ಒಂದು ಅಚ್ಚಿನ ಎರಡು ತುದಿಗಳಿಗೆ ಬಿಗಿಯಾಗಿ ಕೂರಿಸಿರುತ್ತಾರೆ. ಪ್ರತಿಯೊಂದು ಗಾಲಿಯ ಒಳಮಗ್ಗುಲಿನಲ್ಲಿ ಸುತ್ತಲೂ ಎದ್ದುನಿಂತ ಅಂಚು ಇರುತ್ತದೆ. ಗಾಲಿಯು ಹಳಿಯಿಂದ ಜಾರದಂತೆ ಈ ಅಂಚು ಕಾಪಾಡುತ್ತದೆ. ಎರಡು ಹಳಿಗಳ ಒಳಬದಿಗಳ ನಡುವಣ ಅಂತರಕ್ಕೆ 'ಗೇಜು' ಎಂದು ಹೆಸರು. ಗಾಲಿಗಳ ಅಂತರವು ಗೇಜಿಗೆ ಹೊಂದಿಕೊಂಡಿದ್ದರೆ ಮಾತ್ರ ಗಾಡಿ ಚಲಿಸುತ್ತದೆ. ಹಾಗಾದರೆ ಒಂದು ಗೇಜಿನ ಹಳಿ ಮುಗಿದು ಇನ್ನೊಂದು ಗೇಜಿನ ಹಳಿ ಆರಂಭವಾಗುವ ಕಡೆ ಏನಾಗಬೇಕು? ಈ ಪ್ರಶ್ನೆ ರೈಲ್ವೆಯ ಚರಿತ್ರೆಯಷ್ಟೇ ಹಳೆಯದು.

ರೈಲುಮಾರ್ಗದ ತವರಾದ ಇಂಗ್ಲೆಂಡಿನಲ್ಲಿಯೇ ಈ ತೊಡಕು ಮೊದಲು ತಲೆದೋರಿತು. ಜಾರ್ಜ್ ಸ್ಟೀಫನ್‌ಸನ್ ಎಂಬ ಎಂಜಿನಿಯರು ಕಲ್ಲಿದ್ದಲ ಗಣಿಗಳ ಬಂಡಿಮಾರ್ಗಗಳಲ್ಲಿ ರೂಢಿಯಲ್ಲಿದ್ದ ಅಳತೆಯನ್ನೇ ತನ್ನ ಮಾರ್ಗಗಳಿಗೂ ಬಳಸಿದನು. ಅದು ನಾಲ್ಕು ಅಡಿ ಎಂಟೂವರೆ ಅಂಗುಲ, ಎಂದರೆ 1,435 ಮಿಲಿಮೀಟರ್. ಬ್ರೂನೆಲ್ ಎಂಬ ಇನ್ನೊಬ್ಬ ಮೇಧಾವಿಗೆ ಈ ಅಳತೆ ಕಿರಿದೆಂದು ತೋರಿತು. ಆತನು ಗ್ರೇಟ್ ವೆಸ್ಟರ್ನ್ ರೈಲ್ವೆಗಾಗಿ ಏಳು ಅಡಿಗೂ ಸ್ವಲ್ಪ ಮಿಗಿಲಾದ ಗೇಜನ್ನು ಆರಿಸಿಕೊಂಡನು. 1844ರಲ್ಲಿ ಗ್ಲಾಸ್ಟರ್ ಎಂಬ ಊರಿನಲ್ಲಿ ಇವೆರಡೂ ಬಗೆಯ ಹಳಿಗಳು ಎದುರುಬದುರಾದವು. ಅಲ್ಲಿ ಪ್ರತಿಯೊಂದು ಮೂಟೆಯನ್ನೂ ಪೆಟ್ಟಿಗೆಯನ್ನೂ ಒಂದು ಗಾಡಿಯಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಯಿತು. ಸಾಮಾನುಗಳು ಒಡೆದವು, ಕಳೆದುಹೋದವು, ಕಾಲ ವ್ಯರ್ಥವಾಯಿತು.

ಈ ವಿವಾದವನ್ನು ಪರಿಹರಿಸಲು ಸರ್ಕಾರವು ಒಂದು ಆಯೋಗವನ್ನು ನೇಮಿಸಿತು. ಪರೀಕ್ಷೆಗಳಲ್ಲಿ ಬ್ರೂನೆಲ್‌ನ ಅಗಲವಾದ ಹಳಿಯ ಎಂಜಿನುಗಳೇ ಹೆಚ್ಚು ವೇಗವಾಗಿ ಓಡಿದವು. ಆದರೂ ಆಯೋಗವು ಕಿರಿದಾದ ಗೇಜನ್ನೇ ಎತ್ತಿಹಿಡಿಯಿತು. ಏಕೆಂದರೆ ಅದು ಆಗಲೇ ಸುಮಾರು 1,900 ಮೈಲಿಗಳಷ್ಟು ಹರಡಿತ್ತು. ಅಗಲವಾದ ಗೇಜಿನ ಮಾರ್ಗ ಇದ್ದುದು ಸುಮಾರು 270 ಮೈಲಿ ಮಾತ್ರ. ಯಾವ ಅಳತೆ ಉತ್ತಮ ಎಂಬುದಕ್ಕಿಂತ ಎಲ್ಲರಿಗೂ ಒಂದೇ ಅಳತೆ ಇರುವುದು ಮುಖ್ಯ ಎಂಬುದು ಆ ತೀರ್ಮಾನದ ಸಾರ. ಅದರಂತೆ 1846ರಲ್ಲಿ ಶಾಸನವಾಯಿತು.

ಇಂಗ್ಲೆಂಡಿನ ಈ ಅನುಭವ ಭಾರತದ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಗೆ ತಿಳಿದಿತ್ತು. ಭಾರತದಲ್ಲಿ ಮೊದಲಿನಿಂದಲೂ ಒಂದೇ ಗೇಜು ಇರಬೇಕೆಂದು ಆತನು ಒತ್ತಾಯಿಸಿದನು. ಐದೂವರೆ ಅಡಿ, ಎಂದರೆ 1,676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜು ನಿರ್ಧಾರವಾಯಿತು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಹೊರಟ ಗಾಡಿಯು ಓಡಿದ್ದು ಈ ಹಳಿಯ ಮೇಲೆಯೇ. ಆದರೆ ಅಗಲವಾದ ಮಾರ್ಗಗಳಿಗೆ ತಗಲುವ ವೆಚ್ಚ ಅಪಾರವಾಗಿತ್ತು. ಆದುದರಿಂದ 1870ರ ಸುಮಾರಿಗೆ, ವೈಸರಾಯ್ ಮೇಯೊನ ಕಾಲದಲ್ಲಿ, ಮಿತವ್ಯಯಕ್ಕಾಗಿ ಒಂದು ಮೀಟರ್ ಅಗಲದ ಮೀಟರ್‌ಗೇಜು ಜಾರಿಗೆ ಬಂದಿತು. ಬೆಟ್ಟಗುಡ್ಡಗಳಿಗೂ ಚಿಕ್ಕ ಊರುಗಳಿಗೂ 762 ಮತ್ತು 610 ಮಿಲಿಮೀಟರುಗಳ ನ್ಯಾರೋಗೇಜು ಹಳಿಗಳು ಬಂದವು. ಡಾಲ್‌ಹೌಸಿ ಯಾವುದನ್ನು ತಪ್ಪಿಸಬಯಸಿದ್ದನೋ ಅದೇ ಸಂಭವಿಸಿತು.

ಇದರ ಪರಿಣಾಮವನ್ನು ಮೈಸೂರು ಸಂಸ್ಥಾನದ ಉದಾಹರಣೆಯಲ್ಲಿ ಕಾಣಬಹುದು. ಮದರಾಸಿನ ಕಡೆಯ ಬ್ರಾಡ್‌ಗೇಜು ಹಳಿಯು 1864ರಲ್ಲಿಯೇ ಬೆಂಗಳೂರಿನ ದಂಡುಪ್ರದೇಶವನ್ನು ಮುಟ್ಟಿತ್ತು. 1876-78ರ ಘೋರ ಕ್ಷಾಮದಲ್ಲಿ ಧಾನ್ಯವು ರೈಲಿನಲ್ಲಿ ಬೆಂಗಳೂರಿನವರೆಗೆ ಬಂದಿತು. ಅಲ್ಲಿಂದ ಮುಂದೆ ಒಳನಾಡಿನ ಹಸಿದ ಹಳ್ಳಿಗಳಿಗೆ ಎತ್ತಿನ ಬಂಡಿಯೇ ಗತಿಯಾಗಿತ್ತು. ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಒಳನಾಡಿಗೆ ರೈಲು ಎಷ್ಟು ಅಗತ್ಯವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. 1882ರ ವೇಳೆಗೆ ಬೆಂಗಳೂರಿನಿಂದ ಮೈಸೂರಿಗೆ ರೈಲುಮಾರ್ಗ ಸಿದ್ಧವಾಯಿತು. ಆದರೆ ಅದು ಮೀಟರ್‌ಗೇಜು. ಮದರಾಸಿನಲ್ಲಿ ತುಂಬಿದ ವ್ಯಾಗನ್ನು ಮೈಸೂರನ್ನು ತಲುಪುವಂತಿರಲಿಲ್ಲ. 1990ರ ದಶಕದಲ್ಲಿ ಆ ಮಾರ್ಗವು ಬ್ರಾಡ್‌ಗೇಜಿಗೆ ಬದಲಾಗುವವರೆಗೂ, ಒಂದು ಶತಮಾನಕ್ಕೂ ಹೆಚ್ಚು ಕಾಲ, ಈ ಸ್ಥಿತಿಯೇ ಮುಂದುವರಿಯಿತು.

ಗೇಜು ಬದಲಾಗುವ ಸ್ಥಳವನ್ನು ದಾಟಲು ಮಾನವನು ಕಂಡುಕೊಂಡ ಉಪಾಯಗಳು ಮುಖ್ಯವಾಗಿ ನಾಲ್ಕು. ಅತ್ಯಂತ ಹಳೆಯದು, ಮೇಲೆ ಹೇಳಿದಂತೆ, ಸರಕನ್ನು ಇಳಿಸಿ ಏರಿಸುವುದು. ಭಾರತದಲ್ಲಿ ಎರಡು ಗೇಜುಗಳು ಕೂಡುವ ನಿಲ್ದಾಣಗಳಲ್ಲಿ ಈ ಹೊರೆಯನ್ನು ಹೊತ್ತವರು ಹಮಾಲರು. ಧಾನ್ಯದ ಮೂಟೆಗಳನ್ನು ಬೆನ್ನ ಮೇಲೆ, ಕಲ್ಲಿದ್ದಲನ್ನು ಬುಟ್ಟಿಗಳಲ್ಲಿ ಅವರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಎಂಜಿನ್ನು ನೂರಾರು ಮೈಲಿ ನಿರಾಯಾಸವಾಗಿ ಎಳೆದು ತಂದ ಭಾರವು, ಕೊನೆಗೆ ಹತ್ತು ಹೆಜ್ಜೆಗಳ ದೂರವನ್ನು ಮನುಷ್ಯನ ಬೆನ್ನಿನ ಮೇಲೆ ಕ್ರಮಿಸಬೇಕಾಗಿತ್ತು.

ಎರಡನೆಯ ಉಪಾಯವು ಮೂರನೆಯ ಹಳಿ. ಒಂದು ಹಳಿಯನ್ನು ಎರಡು ಬಗೆಯ ಗಾಡಿಗಳಿಗೂ ಸಾಮಾನ್ಯವಾಗಿಟ್ಟು, ಎದುರು ಬದಿಯಲ್ಲಿ ಬೇರೆ ಬೇರೆ ಅಂತರದಲ್ಲಿ ಎರಡು ಹಳಿಗಳನ್ನು ಹಾಸುತ್ತಾರೆ. ಬಾಂಗ್ಲಾದೇಶದಲ್ಲಿ ಯಮುನಾ ನದಿಯ ಪೂರ್ವಕ್ಕೆ ಮೀಟರ್‌ಗೇಜೂ ಪಶ್ಚಿಮಕ್ಕೆ ಹೆಚ್ಚಾಗಿ ಬ್ರಾಡ್‌ಗೇಜೂ ಬೆಳೆದುಬಂದಿದ್ದವು. 1998ರಲ್ಲಿ ಆ ನದಿಗೆ ಸೇತುವೆಯನ್ನು ಕಟ್ಟಿದಾಗ, ಎರಡೂ ಬಗೆಯ ಗಾಡಿಗಳು ದಾಟುವಂತೆ ಅದರ ಮೇಲೆ ಮೂರು ಹಳಿಗಳ ಮಾರ್ಗವನ್ನು ಹಾಸಲಾಯಿತು. ಆದರೆ ಈ ಉಪಾಯ ಎಲ್ಲೆಡೆಯೂ ನಡೆಯದು. ರಷ್ಯದ ಗೇಜು 1,520 ಮಿಲಿಮೀಟರ್. ಅದರ ನೆರೆಯ ಪೋಲೆಂಡಿನದು 1,435. ಇವುಗಳ ವ್ಯತ್ಯಾಸ 85 ಮಿಲಿಮೀಟರ್, ಎಂದರೆ ಸುಮಾರು ನಾಲ್ಕು ಬೆರಳಿನ ಅಗಲ ಮಾತ್ರ. ಹಳಿಯ ಬುಡವೇ ಅದಕ್ಕಿಂತ ಅಗಲವಾಗಿರುವುದರಿಂದ ಎರಡು ಹಳಿಗಳನ್ನು ಅಷ್ಟು ಸಮೀಪದಲ್ಲಿ ನಿಲ್ಲಿಸಲಾಗದು. ವ್ಯತ್ಯಾಸ ಚಿಕ್ಕದಾದಷ್ಟೂ ತೊಡಕು ದೊಡ್ಡದಾಗುವುದು ಇಲ್ಲಿನ ವೈಚಿತ್ರ್ಯ.

ಅಂತಹ ಎಡೆಗಳಲ್ಲಿ ಮೂರನೆಯ ಉಪಾಯ ಬಳಕೆಗೆ ಬಂದಿತು. ಜನರು ರೈಲಿನ ಡಬ್ಬಿಯನ್ನೇ ಬೋಗಿ ಎಂದು ಕರೆಯುವುದು ರೂಢಿ. ಎಂಜಿನಿಯರುಗಳ ಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗಿರುವ, ಗಾಲಿಗಳನ್ನೂ ಅಚ್ಚುಗಳನ್ನೂ ಹೊತ್ತ ಚೌಕಟ್ಟು. ಪ್ರತಿ ಡಬ್ಬಿಯ ಕೆಳಗೂ ಸಾಮಾನ್ಯವಾಗಿ ಇಂತಹ ಎರಡು ಚೌಕಟ್ಟುಗಳಿರುತ್ತವೆ. ಪೋಲೆಂಡಿನ ಗಡಿಯಲ್ಲಿರುವ ಬೆಲಾರುಸಿನ ಬ್ರೆಸ್ಟ್ ನಗರದಲ್ಲಿಯೂ, ಚೀನಾ-ಮಂಗೋಲಿಯಾ ಗಡಿಯ ಎರ್ಲಿಯನ್ ನಿಲ್ದಾಣದಲ್ಲಿಯೂ ದಶಕಗಳ ಕಾಲ ಈ ಚೌಕಟ್ಟುಗಳನ್ನೇ ಬದಲಾಯಿಸಿ ಗಾಡಿಗಳನ್ನು ಮುಂದಕ್ಕೆ ಕಳುಹಿಸಲಾಯಿತು. ಡಬ್ಬಿಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿ ಬಲವಾದ ಜಾಕುಗಳಿಂದ ಮೇಲಕ್ಕೆತ್ತುತ್ತಾರೆ. ಹಳೆಯ ಚೌಕಟ್ಟುಗಳನ್ನು ಉರುಳಿಸಿ ಹೊರಕ್ಕೆ ತೆಗೆದು ಹೊಸವನ್ನು ಒಳಕ್ಕೆ ತಳ್ಳುತ್ತಾರೆ. ಆ ಬಳಿಕ ಡಬ್ಬಿಯನ್ನು ಮೆಲ್ಲನೆ ಅವುಗಳ ಮೇಲೆ ಇಳಿಸುತ್ತಾರೆ. ಪ್ರಯಾಣಿಕರು ಒಳಗೇ ಕುಳಿತಿರಬಹುದು. ಆದರೆ ಒಂದು ಗಾಡಿಯ ಡಬ್ಬಿಗಳಿಗೆಲ್ಲ ಚೌಕಟ್ಟು ಬದಲಾಯಿಸಲು ಗಂಟೆಗಳೇ ಹಿಡಿಯುತ್ತವೆ.

ನಾಲ್ಕನೆಯ ಉಪಾಯ ಎಲ್ಲಕ್ಕಿಂತ ಚತುರವಾದುದು. ಸ್ಪೇನ್ ದೇಶದ ಗೇಜು 1,668 ಮಿಲಿಮೀಟರ್. ನೆರೆಯ ಫ್ರಾನ್ಸಿನದು 1,435. ಸ್ಪೇನಿನ ಎಂಜಿನಿಯರುಗಳು ರೂಪಿಸಿದ ಟಾಲ್ಗೊ ಎಂಬ ಗಾಡಿಯಲ್ಲಿ ಎರಡು ಗಾಲಿಗಳನ್ನು ಬಂಧಿಸುವ ಅಚ್ಚೇ ಇಲ್ಲ. ಪ್ರತಿಯೊಂದು ಗಾಲಿಯೂ ಸ್ವತಂತ್ರವಾಗಿ ತಿರುಗುತ್ತದೆ. ಗೇಜು ಬದಲಾಗುವಲ್ಲಿ ಗಾಡಿಯು ಒಂದು ವಿಶೇಷ ಮಾರ್ಗವನ್ನು ನಿಧಾನವಾಗಿ ಪ್ರವೇಶಿಸುತ್ತದೆ. ಮೊದಲು ಇಕ್ಕೆಲದ ಆಧಾರಗಳು ಡಬ್ಬಿಯ ಭಾರವನ್ನು ಹೊರುತ್ತವೆ. ಗಾಲಿಗಳು ಭಾರದಿಂದ ಮುಕ್ತವಾಗುತ್ತವೆ. ಅನಂತರ ಗಾಲಿಗಳನ್ನು ಹಿಡಿದಿರುವ ಚಿಲಕಗಳು ಕಳಚಿಕೊಳ್ಳುತ್ತವೆ. ಓರೆಯಾಗಿ ಜೋಡಿಸಿದ ದಾರಿಪಟ್ಟಿಗಳು ಗಾಲಿಗಳನ್ನು ಹೊಸ ಅಂತರಕ್ಕೆ ತಳ್ಳುತ್ತವೆ. ಚಿಲಕಗಳು ಮತ್ತೆ ಬಿಗಿಯುತ್ತವೆ. ಭಾರವು ಮತ್ತೆ ಗಾಲಿಗಳ ಮೇಲೆ ಬರುತ್ತದೆ. ಇಷ್ಟೂ ಗಾಡಿ ಚಲಿಸುತ್ತಿರುವಾಗಲೇ ನಡೆಯುತ್ತದೆ. 1969ರಲ್ಲಿ ಈ ವಿಧಾನದಿಂದ ಬಾರ್ಸಿಲೋನಾ ನಗರದಿಂದ ಜಿನೀವಾಕ್ಕೆ ಪ್ರಯಾಣಿಕರ ಗಾಡಿಯ ಸಂಚಾರ ಆರಂಭವಾಯಿತು.

ಇಷ್ಟೆಲ್ಲ ಉಪಾಯಗಳಿದ್ದರೂ ಹಳಿಗಳನ್ನೇ ಒಂದಾಗಿಸುವುದು ಶಾಶ್ವತ ಪರಿಹಾರ. ಅಮೆರಿಕದ ದಕ್ಷಿಣ ಭಾಗದ ಐದು ಅಡಿ ಗೇಜಿನ ಮಾರ್ಗಗಳನ್ನು ಉತ್ತರದ ಹಳಿಗಳಿಗೆ ಹೊಂದಿಸಲು 1886ರ ಮೇ 31 ಮತ್ತು ಜೂನ್ 1ರಂದು, ಎರಡೇ ದಿನಗಳಲ್ಲಿ, ಸುಮಾರು 11,500 ಮೈಲಿಗಳುದ್ದಕ್ಕೂ ಒಂದು ಬದಿಯ ಹಳಿಯನ್ನು ಮೂರು ಅಂಗುಲ ಒಳಕ್ಕೆ ಸರಿಸಲಾಯಿತು. ಇಂಗ್ಲೆಂಡಿನಲ್ಲಿ ಬ್ರೂನೆಲ್‌ನ ಗೇಜಿನ ಕೊನೆಯ ಭಾಗವನ್ನು 1892ರ ಮೇ ತಿಂಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆಲಸಗಾರರು ಒಂದು ವಾರಾಂತ್ಯದಲ್ಲಿ ಬದಲಾಯಿಸಿದರು. ಅಗಲವಾದುದನ್ನು ಕಿರಿದಾಗಿಸುವುದು ಹೀಗೆ ಸುಲಭ. ಆದರೆ ಕಿರಿದಾದುದನ್ನು ಅಗಲವಾಗಿಸಲು ಹಳಿಗಳ ಕೆಳಗಿನ ಅಡ್ಡದಿಮ್ಮಿಗಳು ಸಾಲವು. ದಿಬ್ಬ, ಸೇತುವೆ, ಸುರಂಗ, ತಿರುವುಗಳನ್ನೆಲ್ಲ ಹೊಸದಾಗಿ ನಿರ್ಮಿಸಬೇಕಾಗುತ್ತದೆ. ಭಾರತವು 1992ರಲ್ಲಿ ಕೈಗೊಂಡ ಏಕರೂಪ ಗೇಜಿನ ಯೋಜನೆಯ ಮುಂದಿದ್ದುದು ಈ ಕಠಿಣ ಕಾರ್ಯವೇ. ಆದುದರಿಂದ ಎರಡು ದಿನಗಳಲ್ಲಿ ಆಗಬಹುದಾದ ಕೆಲಸ ಇಲ್ಲಿ ದಶಕಗಳನ್ನು ಬೇಡಿತು. ನೀಲಗಿರಿ, ಡಾರ್ಜಿಲಿಂಗ್ ಮತ್ತು ಕಾಲ್ಕಾ-ಶಿಮ್ಲಾ ಮಾರ್ಗಗಳಂತಹ ಕೆಲವನ್ನು ಮಾತ್ರ ಪರಂಪರೆಯ ಕುರುಹುಗಳೆಂದು ಹಳೆಯ ಅಳತೆಯಲ್ಲಿಯೇ ಉಳಿಸಿಕೊಳ್ಳಲಾಗಿದೆ.

ಡಾಲ್‌ಹೌಸಿಯೂ ಮೇಯೊವೂ ಅವಿವೇಕಿಗಳಾಗಿರಲಿಲ್ಲ. ಒಬ್ಬನು ಐಕ್ಯವನ್ನೂ ಇನ್ನೊಬ್ಬನು ಉಳಿತಾಯವನ್ನೂ ಮುಖ್ಯವೆಂದು ಬಗೆದರು. ಆದರೆ ಆ ದಿನ ಹಣದಲ್ಲಿ ಉಳಿಸಿದುದನ್ನು ಮುಂದಿನ ಪೀಳಿಗೆಗಳು ಕಾಲದಲ್ಲಿಯೂ ಶ್ರಮದಲ್ಲಿಯೂ ತೆರಬೇಕಾಯಿತು. ಅದರಲ್ಲಿ ಬಹುಪಾಲನ್ನು ತೆತ್ತವರು ತೀರ್ಮಾನದಲ್ಲಿ ಪಾಲಿಲ್ಲದ ಆ ಹಮಾಲರು. ಹಲವರು ಕೂಡಿ ನಡೆಯಬೇಕಾದ ದಾರಿಯಲ್ಲಿ ಅಳತೆಯ ಬಗ್ಗೆ ಮೊದಲೇ ಒಮ್ಮತಕ್ಕೆ ಬರುವುದು ಎಷ್ಟು ಅಗತ್ಯವೆಂಬುದನ್ನು ಹಳಿಗಳ ಈ ಚರಿತ್ರೆ ತಿಳಿಸುತ್ತದೆ.