ರೂಪ ಬೇರೆ, ದಾರಿ ಒಂದೇ

ಗುಂಡ್ಲುಪೇಟೆಯ ಸಮೀಪದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದುವೆಂದು ಐತಿಹ್ಯವುಂಟು. ಕಾಲಕಾಲಕ್ಕೆ ರೂಪ ಬದಲಿಸುವ ಬೇರೊಂದು ಜೀವಿಯೂ ಲೋಕದಲ್ಲುಂಟು. ಅದು ಕಣ್ಣಿಗೆ ಕಾಣದು. ವಾಂತಿಭೇದಿಯನ್ನುಂಟುಮಾಡುವ ಕಾಲರಾ ರೋಗಾಣುವೇ ಅದು.

1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಎಂಬ ಪಂಡಿತನು ಕಲ್ಕತ್ತೆಯಲ್ಲಿ ಈ ರೋಗಾಣುವನ್ನು ಬೇರ್ಪಡಿಸಿ ತೋರಿಸಿದನು. 1961ರಲ್ಲಿ ಇಂಡೋನೇಷ್ಯದಿಂದ ಹೊರಟ ಎಲ್ ಟೋರ್ ಎಂಬ ತಳಿಯು 1964ರಲ್ಲಿ ಭಾರತವನ್ನು ಹೊಕ್ಕು ಹಳೆಯ ತಳಿಯನ್ನು ಹಿಂದಕ್ಕೆ ತಳ್ಳಿತು. ಇದು ತಗಲಿದ ಬಹುಮಂದಿಯಲ್ಲಿ ರೋಗಲಕ್ಷಣವೇ ತೋರದು. ಆದರೂ ಅವರ ಮಲದಿಂದ ರೋಗಾಣುವು ನೀರನ್ನು ಸೇರುವುದು. 1992ರಲ್ಲಿ ಮದ್ರಾಸಿನಲ್ಲಿ ಓ 139 ಎಂಬ ಮತ್ತೊಂದು ಬಗೆಯು ತಲೆದೋರಿತು. ಹಿಂದಿನ ಸೋಂಕಿನಿಂದ ದೊರೆತಿದ್ದ ರಕ್ಷಣೆ ಅದರ ಮುಂದೆ ನಿಲ್ಲದೆ ವಯಸ್ಕರೂ ಬಹುವಾಗಿ ನರಳಿದರು. ಬಳಿಕ ಎಲ್ ಟೋರ್ ಮರಳಿ ಪ್ರಬಲವಾಯಿತು. ಕೆಲವು ತಳಿಗಳು ಔಷಧಗಳಿಗೂ ಬಗ್ಗವು.

ಹಾಗಾದರೆ ನಮಗೆ ಗತಿಯೇನು? ರೋಗಾಣುವಿನ ರೂಪ ಬದಲಾದರೂ ದಾರಿ ಬದಲಾಗಿಲ್ಲ. ಮಲದಿಂದ ನೀರು, ಕೈ, ಆಹಾರಗಳ ಮೂಲಕವೇ ಅದು ಬಾಯಿಯನ್ನು ಸೇರುವುದು. ಆದುದರಿಂದ ಬೆಟ್ಟದ ತಿಳಿನೀರಾದರೂ ಕಾಯಿಸದೆ ಕುಡಿಯಲಾಗದು. ಆರೋಗ್ಯವಂತನೆಂದು ಕಾಣುವ ಯಾತ್ರಿಕನೂ ನೀರಿನ ಬಳಿ ಮಲವಿಸರ್ಜನೆ ಮಾಡಲಾಗದು.

ಭೇದಿಯು ತೊಡಗಿದೊಡನೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಿಂದ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು ಸಕ್ಕರೆಗಳ ಇಂತಹ ಪಾನೀಯದಿಂದಲೇ ಬಹು ಪ್ರಾಣಗಳನ್ನುಳಿಸಿದರು. ತಳಿ ಯಾವುದಾದರೂ ಈ ಉಪಚಾರ ಒಂದೇ. ಸೋದರಿಯರೇ, ಇದನ್ನು ನಿಮ್ಮ ಮಕ್ಕಳಿಗೂ ಕಲಿಸಿರಿ.